ಮಲೆನಾಡಿನ ಮಳೆಗೆ ಯಾವ ಹಳೇ ಕಾರು? ಅಂಬಾಸಿಡರ್, ಫಿಯಟ್, ಹೆರಾಲ್ಡ್, ಜೀಪು, ಮಾರುತಿ

ಅಡಿಕೆಗೆ ಒಳ್ಳೇ ರೇಟು ಬಂದ ವರ್ಷ ನನಗೆ ಫೋನ್ ಜಾಸ್ತಿ ಬರುತ್ತವೆ. "ತೀರ್ಥಹಳ್ಳಿ ಹತ್ತಿರ ಒಂದು ಮಾರ್ಕ್ ಟು ಅಂಬಾಸಿಡರ್ ಇದೆ, ಸಾಗರದಲ್ಲಿ ಒಂದು ಫಿಯಟ್ ಇದೆ. ಯಾವುದು ತಗೊಳ್ಳಲಿ ಹೇಳಿ" ಎಂದು ಒಬ್ಬರು ಕೇಳುತ್ತಾರೆ. "ಅಪ್ಪನ ಜೀಪು ಕೊಟ್ಟಿಗೆಯಲ್ಲೇ ನಿಂತಿದೆ. ಅದನ್ನೇ ರೆಡಿ ಮಾಡಿಸಲಾ, ಇಲ್ಲ ಅದನ್ನು ಕೊಟ್ಟು ಬೇರೆ ನೋಡಲಾ?" ಎಂದು ಇನ್ನೊಬ್ಬರು. ಕಳೆದ ತಿಂಗಳು ಹೊಸನಗರ ಕಡೆಯ ಒಬ್ಬ ಹುಡುಗ ಫೋನ್ ಮಾಡಿ, "ಅಣ್ಣಾ, ಮೊದಲನೇ ಮಾಡೆಲ್ ಮಾರುತಿ ಸಿಕ್ಕಿದೆ, ತಗೊಂಡ್ರೆ ತಪ್ಪಾಗುತ್ತಾ?" ಎಂದ. ಫೋನಿನಲ್ಲಿ ಅಷ್ಟಿಷ್ಟು ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ದಿನಾ ಆಫೀಸಿಗೆ ಓಡಿಸಲು ಕಾರು ಬೇಕು ಅನ್ನುವವರು ಹೊಸದನ್ನೇ ತಗೊಳ್ಳಿ. ಮನೆಯಲ್ಲಿ ಈಗಾಗಲೇ ಒಂದು ಕಾರು ಇದೆ, ಅದರ ಪಕ್ಕದಲ್ಲಿ ಒಂದು ಹಳೇದನ್ನು ಇಟ್ಟುಕೊಂಡು, ಚೆನ್ನಾಗಿ ನೋಡಿಕೊಂಡು, ಭಾನುವಾರ ಕೂಡಲಿವರೆಗೋ ಮಂಡಗದ್ದೆವರೆಗೋ ಓಡಿಸಬೇಕು ಎಂದು ಆಸೆ ಇರುವವರಿಗೆ ಇದು.

ಮೊದಲು ತಗಡು ನೋಡಿ

ನಮ್ಮ ಕಡೆ ಹಳೇ ಕಾರು ಓಡಿ ಹಾಳಾಗಿದ್ದು ಕಡಿಮೆ. ನಿಂತು ಹಾಳಾಗಿದ್ದೇ ಜಾಸ್ತಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅಲ್ಲಿಂದ ನೂರು ಕಿಲೋಮೀಟರ್ ಒಳಗಿರುವ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ವರ್ಷದ, ಒಂದೇ ಮಾಡೆಲ್‌ನ ಎರಡು ಕಾರು ಇವೆ ಅಂದುಕೊಳ್ಳಿ. ಒಂದು ಶಿವಮೊಗ್ಗದ ದುರ್ಗಿಗುಡಿಯ ಮನೆಯ ಶೆಡ್ಡಿನಲ್ಲಿತ್ತು, ಇನ್ನೊಂದು ಆಗುಂಬೆ ಕಡೆಯ ತೋಟದ ಮನೆಯಲ್ಲಿತ್ತು. ಐವತ್ತು ಮಳೆಗಾಲ ಕಳೆದ ಮೇಲೆ ಅವೆರಡನ್ನೂ ಒಂದೇ ಬೆಲೆಗೆ ತೂಗುವ ಹಾಗಿಲ್ಲ. ಅದಕ್ಕೇ ಮಾರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಎಂಜಿನ್ ಬಗ್ಗೆ ಇರುವುದಿಲ್ಲ. "ಮಳೆಗಾಲದಲ್ಲಿ ಗಾಡಿ ಎಲ್ಲಿ ನಿಲ್ಲಿಸ್ತಿದ್ರಿ?" ಎಂದು ಕೇಳುತ್ತೇನೆ.

ಎಂಜಿನ್ ಸೋತಿದ್ದರೆ ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಹಾಕಿಸಿ ಎಬ್ಬಿಸಬಹುದು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಸುತ್ತಿದರೆ ಆ ಕೆಲಸ ಗೊತ್ತಿರುವವರು ಸಿಗುತ್ತಾರೆ. ಆದರೆ ತುಕ್ಕಿಗೆ ತಳ ಕರಗಿ ಹೋದ ಕಾರನ್ನು ಎಬ್ಬಿಸುವುದು ಬೇರೆಯೇ ಮಾತು. ಟಿಂಕರಿಂಗ್‌ಗೆ ಕೊಟ್ಟ ಗಾಡಿ ವರ್ಷಗಟ್ಟಲೆ ಗ್ಯಾರೇಜಿನಲ್ಲೇ ಉಳಿಯುತ್ತದೆ. ದುಡ್ಡಿಗೂ ಲೆಕ್ಕ ಇರುವುದಿಲ್ಲ.

ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ನಾನು ಕೊಂಡ ಮೊದಲ ಹಳೇ ಕಾರು ಒಂದು ಬಿಳಿ ಅಂಬಾಸಿಡರ್. ಏಪ್ರಿಲ್ ತಿಂಗಳ ಬಿಸಿಲಲ್ಲಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಚೌಕಾಸಿ ಸರಿಯಾಗಿ ಮಾಡದೇ ತಂದೆ. ಪುನರ್ವಸು ಮಳೆ ಹಿಡಿದು ಹತ್ತು ದಿನಕ್ಕೆ ಬಾಗಿಲಿನ ಕೆಳಗಡೆ ಪೇಂಟು ಹಪ್ಪಳದ ಹಾಗೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಒಳಗೆ ಹೋಯಿತು. ತೂತು ಮುಚ್ಚುವ ಪುಟ್ಟಿಯನ್ನು ಒಂದು ಬೆರಳು ದಪ್ಪ ಮೆತ್ತಿ ಅದರ ಮೇಲೆ ಪೇಂಟ್ ಹೊಡೆದಿದ್ದರು. ಮ್ಯಾಟ್ ಎತ್ತಿ ನೋಡಿದರೆ ಕಾಲಿಡುವ ಜಾಗಕ್ಕೆ ಡಬ್ಬಿ ತಗಡು ಕೂರಿಸಿ ಮೇಲೆ ಟಾರು ಬಳಿದಿದ್ದರು. ಮೇಲೆ ತಳುಕು, ಒಳಗೆ ಹುಳುಕು ಅಂತಾರಲ್ಲ, ಅದನ್ನು ಅಂದು ಕಣ್ಣಾರೆ ಕಂಡೆ. ಕೊಂಡ ಬೆಲೆಗಿಂತ ಜಾಸ್ತಿ ದುಡ್ಡು ತಳಕ್ಕೇ ಹೋಯಿತು.

ಈಗ ನಾನು ನೋಡುವ ಕ್ರಮ ಸುಲಭ. ಒಂದು ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತೇನೆ. ಬಾಗಿಲಿನ ಕೆಳ ಅಂಚು, ಮಡ್‌ಗಾರ್ಡ್ ತುದಿ, ಹೆಡ್‌ಲೈಟ್ ಸುತ್ತ ಇಟ್ಟು ನೋಡುತ್ತೇನೆ. ಪುಟ್ಟಿ ಇರುವ ಕಡೆ ಅದು ಹಿಡಿಯುವುದಿಲ್ಲ. ಆಮೇಲೆ ಮ್ಯಾಟ್ ಎತ್ತುವುದು, ಹಿಂದಿನ ಸೀಟು ತೆಗೆಯುವುದು, ಡಿಕ್ಕಿಯ ತಳ ನೋಡುವುದು. ಬೆರಳ ಗೆಣ್ಣಿನಿಂದ ತಟ್ಟಿದರೆ ಒಳ್ಳೇ ತಗಡು ಟಣ್ ಅನ್ನುತ್ತದೆ. ಪುಟ್ಟಿ ಇದ್ದರೆ ದಬ್ ಅನ್ನುತ್ತದೆ.

ಇದ್ದ ಹಾಗೇ ಉಳಿದ ಕಾರಿಗೆ ಯಾಕೆ ಅಷ್ಟು ಬೆಲೆ

ಇನ್ನೊಂದು ಅಳತೆಗೋಲು, ಕಾರು ಎಷ್ಟರ ಮಟ್ಟಿಗೆ ಮೂಲದಲ್ಲಿ ಇದ್ದಂತೆ ಇದೆ ಎನ್ನುವುದು. ಹೊಸಬರು ಎಡವುವುದು ಇಲ್ಲೇ. ಪೂರ್ತಿ ಪೇಂಟ್ ಮಾಡಿ, ಹೊಸ ಸೀಟು ಹಾಕಿ, ಅಲಾಯ್ ವೀಲ್ ಹಾಕಿದ ಕಾರು ಅವರ ಕಣ್ಣಿಗೆ ಚೆಂದ ಕಾಣುತ್ತದೆ. ಪಕ್ಕದಲ್ಲಿ ಬಣ್ಣ ಮಾಸಿದ, ಸೀಟಿನ ಅಂಚು ಸವೆದ, ಆದರೆ ಯಾರೂ ಕೈ ಹಾಕದ ಕಾರು ಇದ್ದರೆ ಅದನ್ನು ಬಿಡುತ್ತಾರೆ. ಹಳಬರು ಎರಡನೆಯದಕ್ಕೇ ಹಣ ಕೊಡುತ್ತಾರೆ. ಪೇಂಟನ್ನು ಯಾವಾಗ ಬೇಕಾದರೂ ಹೊಡೆಸಬಹುದು. ಫ್ಯಾಕ್ಟರಿಯವರು ಹೊಡೆದ ಪೇಂಟನ್ನು ಒಮ್ಮೆ ಉಜ್ಜಿ ತೆಗೆದರೆ ಅದು ಮತ್ತೆ ಬರುವುದಿಲ್ಲ. ಆ ಕಾಲದ ಹೊಲಿಗೆ ಹೇಗಿತ್ತು, ಡ್ಯಾಶ್‌ಬೋರ್ಡ್ ಅಡಿಯಲ್ಲಿ ಬಣ್ಣ ಯಾವುದಿತ್ತು, ಯಾವ ಬೋಲ್ಟ್ ಎಲ್ಲಿತ್ತು ಎಂದು ತಿಳಿಯಲು ಬೇರೆ ಕಾರುಗಳಿಗೂ ಅದೇ ಮಾದರಿ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ಟುರಿನ್ ಚಾರ್ಟರ್ ಕೂಡ ಇದನ್ನೇ ಹೇಳುತ್ತದೆ. ಮೊದಲು ಇದ್ದದ್ದನ್ನು ಉಳಿಸಿ, ಪೂರ್ತಿ ಹೊಸದಾಗಿಸುವುದು ಬೇರೆ ದಾರಿ ಇಲ್ಲದಾಗ.

ನನ್ನ ಈಗಿನ ಫಿಯಟ್ ಸಿಕ್ಕಿದ್ದು ಕೊಪ್ಪದ ಕಡೆಯ ಒಂದು ಹಳೇ ಮನೆಯಲ್ಲಿ. 1968ರ 1100ಡಿ. ಅಷ್ಟು ಮಳೆ ಬೀಳುವ ಜಾಗದಲ್ಲಿ ಫಿಯಟ್ ಉಳಿದಿರುತ್ತದೆ ಎಂದು ನಾನು ನಂಬಿರಲಿಲ್ಲ. ಸುಮ್ನೆ ನೋಡಿ ಬರೋಣ ಎಂದು ಹೋದೆ. ಶೆಡ್ಡಿನ ಬಾಗಿಲು ತೆಗೆದಾಗ ಬೂಸಲು ವಾಸನೆ ಬರಲಿಲ್ಲ. ಗೋಡೆ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಆ ಗೋಡೆಯ ಆಚೆ ಬಚ್ಚಲು ಮನೆ. ಒಲೆಗೆ ದಿನಾ ಬೆಳಿಗ್ಗೆ ಸಂಜೆ ಬೆಂಕಿ. ಐವತ್ತು ವರ್ಷ ಆ ಒಲೆ ಕಾರನ್ನು ಕಾದಿತ್ತು. "ಇವ್ರು ಇದ್ದಾಗ ಮಳೆಗಾಲದಲ್ಲಿ ಗಾಡಿ ಹೊರಗೇ ತೆಗೀತಿರಲಿಲ್ಲ ಮಾರಾಯ, ಬಸ್ಸಿಗೇ ಹೋಗ್ತಿದ್ರು" ಎಂದರು ಮನೆಯ ಅಜ್ಜಿ. ಗ್ಲೋವ್ ಬಾಕ್ಸ್ ತೆಗೆದರೆ ಒಂದು ಸಣ್ಣ ನೋಟ್‌ಬುಕ್. ಮಸಿ ಪೆನ್ನಿನಲ್ಲಿ ತಾರೀಕು, ಕಿಲೋಮೀಟರ್, ಎಷ್ಟು ಲೀಟರ್, ಯಾವ ಊರಿಗೆ. "ಶೃಂಗೇರಿ", "ಆಸ್ಪತ್ರೆ", "ಮಗಳನ್ನು ಬಿಡಲು". ಡಿಕ್ಕಿಯಲ್ಲಿ ಜಾಕ್, ವೀಲ್ ಪಾನಾ, ಗೋಣಿ ಬಟ್ಟೆಯಲ್ಲಿ ಸುತ್ತಿದ ಸ್ಪ್ಯಾನರ್. ಬಾನೆಟ್ ಮೇಲೆ ಬಣ್ಣ ತೆಳುವಾಗಿ ಕೆಳಗಿನ ಕೆಂಪು ಪ್ರೈಮರ್ ಇಣುಕುತ್ತಿತ್ತು. ಅದನ್ನು ನಾನು ಇವತ್ತಿನವರೆಗೂ ಮುಟ್ಟಿಲ್ಲ. ವ್ಯಾಕ್ಸ್ ಮಾತ್ರ ಹಾಕುತ್ತೇನೆ.

ಇಂಥ ಕಾರು ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿ ಆಗಬೇಕಾದರೆ ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ಸಂಗ್ರಹಾಲಯ ನೋಡಿ. ಮೈಸೂರು ಕಡೆ ಹೋದರೆ ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರದೇ ಪಯಣ ಸಂಗ್ರಹಾಲಯ ಇದೆ. ಕೊಳ್ಳುವ ಮುಂಚೆ ಒಂದು ದಿನ ಅದಕ್ಕೆ ಇಡಿ.

ಕಾಗದ ಪತ್ರ

ಮಲೆನಾಡಿನ ಕೊಟ್ಟಿಗೆಯಲ್ಲಿ ನಿಂತ ಕಾರುಗಳ ದೊಡ್ಡ ತೊಂದರೆ ಇದು. ಆರ್‌ಸಿ ಬುಕ್ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಹಾಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ಬದಲಾಗಬೇಕು. ಆಮೇಲೆ 29, 30ರಲ್ಲಿ ನಿಮ್ಮ ಹೆಸರಿಗೆ. ನಾಲ್ಕು ಜನ ಮಕ್ಕಳು ನಾಲ್ಕು ಊರಿನಲ್ಲಿದ್ದರೆ ಎಲ್ಲರ ಒಪ್ಪಿಗೆ ಸಿಗುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಹಳೇ ದಾಖಲೆ ಕಂಪ್ಯೂಟರಿಗೆ ಹತ್ತಿದೆಯಾ ಎಂದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಚಾಸಿ ನಂಬರ್ ತುಕ್ಕಿನಲ್ಲಿ ಅಳಿಸಿದೆಯಾ, ಎಂಜಿನ್ ನಂಬರ್ ಪುಸ್ತಕಕ್ಕೆ ತಾಳೆ ಆಗುತ್ತದಾ, ಎರಡೂ ನೋಡಿ. 1989ಕ್ಕೆ ಮುಂಚಿನ, "ಎಂ" ಅಥವಾ "ಸಿ" ಅಕ್ಷರದಿಂದ ಶುರುವಾಗುವ ಹಳೇ ನಂಬರ್ ಇನ್ನೂ ಉಳಿದಿದ್ದರೆ ಅದೇ ಒಂದು ಆಸ್ತಿ.

ಖಾಸಗಿ ಕಾರಿಗೆ 15 ವರ್ಷದ ನಂತರ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಇದನ್ನು ಲೆಕ್ಕಕ್ಕೆ ಹಿಡಿಯಿರಿ.

2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮ ಬೇರೆ ಇದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಅಂಥದ್ದನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ, ನವೀಕರಣಕ್ಕೆ 5,000. ಆದರೆ ಆ ನೋಂದಣಿ ಮಾಡಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥ ಕೆಲಸಕ್ಕೆ ಬಿಟ್ಟು ಮಾಮೂಲಿ ಓಡಾಟಕ್ಕೆ ರಸ್ತೆಗೆ ಇಳಿಸುವ ಹಾಗಿಲ್ಲ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಸುತ್ತಬೇಕು ಎಂಬ ಆಸೆ ಇದ್ದರೆ ಮಾಮೂಲಿ ಆರ್‌ಸಿ ಜೀವಂತ ಇರುವ ಕಾರನ್ನೇ ಹುಡುಕಿ.

ಇನ್ನೆರಡು ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಿಡಿಭಾಗ ಸಿಗುತ್ತದಾ ನೋಡಿ. ನಿಮ್ಮ ಊರಿಂದ ಒಂದು ಗಂಟೆಯ ಒಳಗೆ ಕಾರ್ಬೊರೇಟರ್ ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್ ಇದ್ದಾರಾ ನೋಡಿ. ಸ್ಕ್ಯಾನರ್ ಹಾಕಿ ನೋಡುವ ಹುಡುಗರು ಎಲ್ಲ ಕಡೆ ಇದ್ದಾರೆ. ಹಳೇ ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್ ಸೆಟ್ ಮಾಡಬಲ್ಲವರು ಕಡಿಮೆ ಆಗುತ್ತಿದ್ದಾರೆ.

ಅಂಬಾಸಿಡರ್

ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸ್ ಅನ್ನು ಇಟ್ಟುಕೊಂಡು ಹಿಂದುಸ್ತಾನ್ ಮೋಟಾರ್ಸ್ 1957ರಲ್ಲಿ ಶುರು ಮಾಡಿದ ಕಾರು. ಬಂಗಾಳದ ಉತ್ತರಪಾರಾದಲ್ಲಿ 2014ರ ಮೇವರೆಗೂ ತಯಾರಾಯಿತು. ಇಷ್ಟು ವರ್ಷ ಬಂದದ್ದರಿಂದ ಅಂಬಾಸಿಡರ್ ಅಂದ ಮಾತ್ರಕ್ಕೆ ಅಪರೂಪ ಅಲ್ಲ. ಸಂಗ್ರಹಕಾರರು ಹುಡುಕುವುದು ಅದರ ಹಿಂದಿನ ಲ್ಯಾಂಡ್‌ಮಾಸ್ಟರ್, ಮೊದಲ ಮಾಡೆಲ್, ಮತ್ತು 60ರ ದಶಕದಲ್ಲಿ ಬಂದ ಚೌಕಳಿ ಗ್ರಿಲ್‌ನ ಮಾರ್ಕ್ ಟು. ಆಮೇಲೆ ಬಂದ ಮಾರ್ಕ್ ಫೋರ್, ನೋವಾ, 1800 ಐಎಸ್‌ಝಡ್ ಎಲ್ಲ ಬೇಕಾದಷ್ಟು ಸಿಗುತ್ತವೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ.

ನಮ್ಮ ರಸ್ತೆಗೆ ಇದು ಹೇಳಿ ಮಾಡಿಸಿದ ಗಾಡಿ. 15 ಇಂಚಿನ ವೀಲು, ಸಸ್ಪೆನ್ಷನ್‌ಗೆ ಮುಂದೆ ಟಾರ್ಷನ್ ಬಾರ್, ಹಿಂದೆ ಪ್ಲೇಟು. ಗುಂಡಿಗೆ ಬಿದ್ದರೂ ಒಳಗೆ ಕೂತವರಿಗೆ ಅಷ್ಟು ತಿಳಿಯುವುದಿಲ್ಲ. ಸೀರೆ ಉಟ್ಟ ಅಮ್ಮ, ಮಂಡಿ ನೋವಿನ ಅಪ್ಪ, ಎಲ್ಲರೂ ಆರಾಮಾಗಿ ಹತ್ತಿ ಇಳಿಯುತ್ತಾರೆ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಒಂದು ಸುತ್ತು ಹೋದರೆ ಕೆಲಸ ಆಗುತ್ತದೆ.

ಕಷ್ಟ ಎಲ್ಲಿ ಅಂದರೆ, ಇದಕ್ಕೆ ಬೇರೆ ಚಾಸಿ, ಅಂದರೆ ಬಾಡಿಯನ್ನು ಹೊರುವ ಪ್ರತ್ಯೇಕ ಚೌಕಟ್ಟು, ಇಲ್ಲ. ತಳ ಮತ್ತು ಬಾಗಿಲ ಕೆಳಗಿನ ಪೆಟ್ಟಿಗೆ ಪಟ್ಟಿಯೇ ಅದರ ಬೆನ್ನುಮೂಳೆ. ಅಲ್ಲಿ ತುಕ್ಕು ಹಿಡಿದರೆ ಬಾಗಿಲು ಸರಿಯಾಗಿ ಮುಚ್ಚುವುದೂ ನಿಲ್ಲುತ್ತದೆ. ನಾಲ್ಕೂ ಬಾಗಿಲನ್ನು ಒಂದೊಂದಾಗಿ ತೆಗೆದು ಹಾಕಿ ನೋಡಿ. ಎತ್ತಿ ಹಾಕಬೇಕಾಗಿ ಬಂದರೆ ಬಾಡಿ ಜಗ್ಗಿದೆ ಎಂದೇ ಅರ್ಥ. ಟ್ಯಾಕ್ಸಿ ಆಗಿದ್ದ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ. 1489 ಸಿಸಿಯ ಹಳೇ ಡೀಸೆಲ್ ಘಟ್ಟ ಹತ್ತುವಾಗ ಹಿಂದೆ ಬಸ್ಸುಗಳ ಸಾಲನ್ನೇ ಎಳೆದುಕೊಂಡು ಬರುತ್ತದೆ. ಸಂಗ್ರಹಕ್ಕೆ ಪೆಟ್ರೋಲಿನದ್ದೇ ಸರಿ. ಓಡಿಸುವ ಸುಖವೇ ಮುಖ್ಯ ಅನ್ನುವವರಿಗೆ 90ರ ದಶಕದ 1817 ಸಿಸಿ ಇಸುಜು ಎಂಜಿನ್, ಐದು ಗೇರಿನದ್ದು ಚೆನ್ನಾಗಿದೆ. ಅಪರೂಪದ ಲೆಕ್ಕದಲ್ಲಿ ಮಾತ್ರ ಅದಕ್ಕೆ ಇನ್ನೂ ಕಾಲ ಬೇಕು.

ಫಿಯಟ್, ಅಂದರೆ ಪದ್ಮಿನಿ

ನಮ್ಮ ಕಡೆ ಯಾರೂ ಪದ್ಮಿನಿ ಅನ್ನುವುದಿಲ್ಲ, ಫಿಯಟ್ ಎಂದೇ ಕರೆಯುತ್ತಾರೆ. ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಮುಂಬೈನ ಕುರ್ಲಾದಲ್ಲಿ ಮಾಡಿದ್ದು. 50ರ ದಶಕದ 1100, 60ರ ದಶಕದ 1100ಡಿ, 70ರ ಶುರುವಿಗೆ ಪ್ರೆಸಿಡೆಂಟ್, 1974ರಿಂದ ಪದ್ಮಿನಿ ಎಂಬ ಹೆಸರು. 50ರ ದಶಕದ್ದರಲ್ಲಿ ಮುಂದಿನ ಬಾಗಿಲು ಈಗಿನದಕ್ಕೆ ಉಲ್ಟಾ, ಹಿಂದಕ್ಕೆ ಮಡಚಿ ತೆರೆದುಕೊಳ್ಳುತ್ತದೆ. ಅಂಥದ್ದು ಕಂಡರೆ ಬಿಡಬೇಡಿ.

1089 ಸಿಸಿಯ ಚಿಕ್ಕ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ, ಸ್ಟೀರಿಂಗ್ ಪಕ್ಕದಲ್ಲಿ ಹ್ಯಾಂಡ್ ಗೇರು. ಕೈಗೆ ರೂಢಿ ಆದ ಮೇಲೆ ಅದರಷ್ಟು ಹಗುರವಾಗಿ ತಿರುಗುವ ಹಳೇ ಕಾರು ನಮ್ಮಲ್ಲಿ ಕಡಿಮೆ. ತೀರ್ಥಹಳ್ಳಿ ರಸ್ತೆಯ ತಿರುವುಗಳಲ್ಲಿ ಅದನ್ನು ಓಡಿಸುವುದು ನನಗೆ ಇವತ್ತಿಗೂ ಹಬ್ಬ. ಅಂಬಾಸಿಡರ್‌ನಲ್ಲಿ ಕೂತು ಹೋಗುವ ಸುಖ ಜಾಸ್ತಿ, ಫಿಯಟ್‌ನಲ್ಲಿ ಓಡಿಸುವ ಸುಖ ಜಾಸ್ತಿ.

ಬೇಸಿಗೆಯಲ್ಲಿ ಆಗುಂಬೆ ಘಟ್ಟ ಹತ್ತುವಾಗ ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುವುದುಂಟು. ಒದ್ದೆ ಬಟ್ಟೆ ಸುತ್ತಿ, ಹತ್ತು ನಿಮಿಷ ಬಾನೆಟ್ ಎತ್ತಿ ನಿಂತರೆ ಮತ್ತೆ ಹೊರಡುತ್ತದೆ. ನಾನು ಒಂದು ಟವಲ್ಲು, ಒಂದು ನೀರಿನ ಕ್ಯಾನು ಯಾವಾಗಲೂ ಇಟ್ಟಿರುತ್ತೇನೆ. ಇಳಿಯುವಾಗ ಇನ್ನೂ ಎಚ್ಚರ ಬೇಕು. ನಾಲ್ಕೂ ಡ್ರಮ್ ಬ್ರೇಕು. 14 ತಿರುವನ್ನೂ ಬ್ರೇಕ್ ಮೇಲೆಯೇ ಇಳಿದರೆ ಕೊನೆಯಲ್ಲಿ ಪೆಡಲ್ ಒತ್ತಿದರೂ ಹಿಡಿತ ಇರುವುದಿಲ್ಲ. ಸೆಕೆಂಡ್ ಗೇರಿನಲ್ಲೇ ಇಳಿಯಿರಿ. ಈ ಮಾತು ಅಂಬಾಸಿಡರ್‌ಗೂ ಸೇರಿಸಿ.

ಇದಕ್ಕೂ ಬೇರೆ ಚಾಸಿ ಇಲ್ಲ, ಹಾಗಾಗಿ ತಳದ ಪರೀಕ್ಷೆ ಅಷ್ಟೇ ಮುಖ್ಯ. 80, 90ರ ದಶಕದ ಪದ್ಮಿನಿಯ ಭಾಗಗಳು ಸಿಗುತ್ತವೆ. 60ರ ದಶಕದ ಗ್ರಿಲ್, ಹಿಂದಿನ ಲೈಟು, ಮೀಟರ್, ಬೀಡಿಂಗ್ ಇವುಗಳನ್ನು ಹುಡುಕುವುದು ಕಷ್ಟ. ಕೊಳ್ಳುವಾಗಲೇ ಇವೆಲ್ಲ ಪೂರ್ತಿ ಇರುವುದನ್ನು ನೋಡಿಕೊಳ್ಳಿ.

ಸ್ಟ್ಯಾಂಡರ್ಡ್ ಹೆರಾಲ್ಡ್

ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಮಾಡಿದ ಪುಟ್ಟ ಕಾರು. ಇಟಲಿಯ ಮಿಕೆಲೊಟ್ಟಿ ಗೆರೆ ಎಳೆದದ್ದು, ನೋಡಿದರೆ ಗೊತ್ತಾಗುತ್ತದೆ. ಬಾನೆಟ್ಟು ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಮಗುಚುತ್ತದೆ. ಎಂಜಿನ್ ಸುತ್ತ ನಿಂತು, ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ಕಿರಿದಾದ ಅಂಗಳದಲ್ಲಿ ಒಂದೇ ಸಲಕ್ಕೆ ತಿರುಗಿಸಬಹುದು. ನಾಲ್ಕು ಬಾಗಿಲಿನ ಹೆರಾಲ್ಡ್ ಬಂದದ್ದು ಭಾರತದಲ್ಲಿ ಮಾತ್ರ. 1972ರಿಂದ ಅದರ ಮುಂದಿನ ಮಾಡೆಲ್ ಗೆಝೆಲ್ ಬಂತು. ಹೊರದೇಶದವರೂ ಇವುಗಳ ಬಗ್ಗೆ ಕುತೂಹಲದಿಂದ ಕೇಳುತ್ತಾರೆ.

ಮಲೆನಾಡಿಗೆ ಒಂದು ಅನುಕೂಲ ಇದೆ. ಇದಕ್ಕೆ ಬೇರೆ ಚಾಸಿ ಇದೆ, ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ. ತಗಡು ಹೋದರೂ ಬಿಚ್ಚಿ ಸರಿ ಮಾಡಿ ಮತ್ತೆ ಕೂರಿಸಬಹುದು. ಚಾಸಿಯ ಚಾಚು ತೋಳುಗಳು ಕರಗಿದ್ದರೆ ಮಾತ್ರ ದೂರ ಇರಿ. ಹಿಂದಿನ ಆಕ್ಸಲ್‌ನ ಸ್ವಭಾವ ಬೇರೆ. ತಿರುವಿನಲ್ಲಿ ಜೋರಾಗಿ ಹೋಗಿ ತಟ್ಟನೆ ಆಕ್ಸಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಗಾಡಿ ಜಾರುತ್ತದೆ. ಒದ್ದೆ ಘಟ್ಟದಲ್ಲಿ ಇದು ಆಟವಲ್ಲ. ಬಿಡಿಭಾಗ ಕಷ್ಟ, ಗೊತ್ತಿರುವ ಮೆಕ್ಯಾನಿಕ್ ಇನ್ನೂ ಕಷ್ಟ. ತಾಳ್ಮೆ ಇರುವವರಿಗೆ, ಸ್ವತಃ ಸ್ಪ್ಯಾನರ್ ಹಿಡಿಯುವವರಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ. ಅಂಥವರಿಗೆ ಇದಕ್ಕಿಂತ ಚೆಂದದ್ದು ಬೇರೆ ಇಲ್ಲ.

ಜೀಪು

ಜೀಪಿನ ಮಾತು ಬಂದರೆ ಮಲೆನಾಡಿನವರ ದನಿಯೇ ಬದಲಾಗುತ್ತದೆ, ಅಲ್ವಾ? ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಹೆರಿಗೆ ನೋವು, ಎಲ್ಲಕ್ಕೂ ಅದೇ. ಕೊಡಚಾದ್ರಿಗೆ ಇವತ್ತಿಗೂ ಜನರನ್ನು ಹತ್ತಿಸುವುದು ಅದೇ.

ಮಹೀಂದ್ರದವರು 40ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸಲು ಶುರು ಮಾಡಿದರು. ಎತ್ತರದ ಬಾನೆಟ್‌ನ ಸಿಜೆ 3ಬಿ, 2.2 ಲೀಟರ್ ಪೆಟ್ರೋಲ್ ಎಂಜಿನ್ನಿನದ್ದು, ಸಂಗ್ರಹಕಾರರ ಪ್ರೀತಿಯ ಮಾಡೆಲ್. ಅದಕ್ಕಿಂತ ಅಪರೂಪ ಎರಡನೇ ಮಹಾಯುದ್ಧದ ನಂತರ ಮಿಲಿಟರಿಯಿಂದ ಬಂದ ಡಿಸ್ಪೋಸಲ್ ಜೀಪುಗಳು. ಗ್ರಿಲ್‌ನ ಸೀಳುಗಳನ್ನು ಎಣಿಸಿ. ನಾಗರಿಕರಿಗೆ ಮಾಡಿದ ಸಿಜೆಗೆ 7, ಯುದ್ಧದ ಕಾಲದ ಒತ್ತು ತಗಡಿನ ಗ್ರಿಲ್‌ಗೆ 9. ಫೋರ್ಡ್ ಕಂಪನಿ ಮಾಡಿದ್ದಾದರೆ ಬೋಲ್ಟಿನ ತಲೆಯ ಮೇಲೂ ಇಂಗ್ಲಿಷಿನ "ಎಫ್" ಅಕ್ಷರ ಒತ್ತಿರುತ್ತದೆ. ಒಂದು ಬೋಲ್ಟಿನ ಮೇಲಿನ ಕೊಳೆ ಒರೆಸಿ, ಟಾರ್ಚ್ ಹಿಡಿದು ಆ ಅಕ್ಷರ ಕಂಡಾಗ ಆಗುವ ಸಂತೋಷವನ್ನು ಕಂಡವರೇ ಬಲ್ಲರು.

ತೊಂದರೆ ಏನೆಂದರೆ, ದುಡಿದ ಜೀಪು ಇದ್ದ ಹಾಗೇ ಉಳಿದಿರುವುದಿಲ್ಲ. ಪೆಟ್ರೋಲ್ ಎಂಜಿನ್ ತೆಗೆದು ಮಟಡೋರ್ ಡೀಸೆಲ್ ಹಾಕಿರುತ್ತಾರೆ. ಚಾಸಿ ಉದ್ದ ಮಾಡಿರುತ್ತಾರೆ. ಹಿಂದೆ ಊರಿನ ಗ್ಯಾರೇಜಿನ ಬಾಡಿ ಕಟ್ಟಿರುತ್ತಾರೆ. ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ನಮೂದಾಗಿರುವುದಿಲ್ಲ. ತುಕ್ಕಿನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಸುಲಭದ ಗಾಡಿ. ದಪ್ಪ ತಗಡು, ಬೇರೆ ಚಾಸಿ, ಎಲ್ಲ ಭಾಗ ಕಣ್ಣಿಗೆ ಕಾಣುತ್ತದೆ. ಮೂಲ ಸ್ಥಿತಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟದ್ದು.

ಅಪ್ಪನ ಜೀಪು ಕೊಟ್ಟಿಗೆಯಲ್ಲಿದೆ ಎಂದು ಕೇಳಿದವರಿಗೆ ನನ್ನ ಉತ್ತರ ಒಂದೇ. ಅದನ್ನು ಮಾರಬೇಡಿ. ಬೇರೆಯವರ ಅಂಬಾಸಿಡರ್ ಎಷ್ಟೇ ಚೆನ್ನಾಗಿರಲಿ, ನಿಮ್ಮ ಅಪ್ಪ ಓಡಿಸಿದ ಗಾಡಿಯ ಪೂರ್ತಿ ಚರಿತ್ರೆ ನಿಮಗೆ ಗೊತ್ತು. ಡೀಸೆಲ್ ಎಂಜಿನ್ ಇದ್ದರೆ ಹಾಗೇ ಇರಲಿ, ದಾಖಲೆಗೆ ಸೇರಿಸಿ ಓಡಿಸಿ. ಅದೂ ಆ ಗಾಡಿ ದುಡಿದ ಕಥೆಯ ಭಾಗವೇ.

ಮೊದಲನೇ ಮಾರುತಿ

ಹೊಸನಗರದ ಹುಡುಗನ ಪ್ರಶ್ನೆಗೆ ಬರೋಣ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಹಸ್ತಾಂತರಿಸಿದರು. 1986ರಲ್ಲಿ ಬಾಡಿ ಬದಲಾಯಿತು. ಅದಕ್ಕಿಂತ ಮೊದಲಿನ, ನೆಟ್ಟಗೆ ನಿಂತ ಹಾಗೆ ಕಾಣುವ ಎಸ್‌ಎಸ್ 80ಯನ್ನೇ ಈಗ ಜನ ಹುಡುಕುತ್ತಿರುವುದು. ಆಗ ಮನೆಮನೆಗೆ ಬಂದಿದ್ದ ಕಾರು, ಯಾರೂ ಕಾಪಾಡಬೇಕು ಎಂದುಕೊಳ್ಳಲಿಲ್ಲ. ಓಡಿಸಿದರು, ಗುಜರಿಗೆ ಕೊಟ್ಟರು. ಅದಕ್ಕೇ ಚೆನ್ನಾಗಿ ಉಳಿದದ್ದು ಅಪರೂಪ.

796 ಸಿಸಿ, ಮೂರು ಸಿಲಿಂಡರ್. ಎಂಜಿನ್ ಕೆಲಸ ಯಾರು ಬೇಕಾದರೂ ಮಾಡುತ್ತಾರೆ. ಜಾಗ ಕಡಿಮೆ ಸಾಕು, ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಬೇಕೆಂದರೆ ವಾರಕ್ಕೆರಡು ಸಲ ಪೇಟೆಗೂ ತೆಗೆಯಬಹುದು. ಕಡಿಮೆ ಬಜೆಟ್‌ನವರಿಗೆ ಇದೇ ಒಳ್ಳೇ ಬಾಗಿಲು. ಆದರೆ ತಗಡು ತುಂಬಾ ತೆಳು. ಮಲೆನಾಡಿನ ಮಳೆಯಲ್ಲಿ ಅಂಬಾಸಿಡರ್ ಹತ್ತು ವರ್ಷ ತಡೆದರೆ ಇದು ಅಷ್ಟು ತಡೆಯುವುದಿಲ್ಲ. ಹಿಂದಿನ ಲೈಟು, ಬಂಪರ್, ಡ್ಯಾಶ್‌ಬೋರ್ಡ್ 86ರ ನಂತರದ್ದು ಇದಕ್ಕೆ ಹೊಂದುವುದಿಲ್ಲ, ಹಾಗಾಗಿ ಒಂದು ತುಂಡು ಕಳೆದರೂ ಹುಡುಕಾಟವೇ. ವಿಂಟೇಜ್ ನೋಂದಣಿಗೆ ಬೇಕಾದ 50 ವರ್ಷ ಮೊದಲ ವರ್ಷದ್ದಕ್ಕೆ 2033ರ ಕೊನೆಗೆ ತುಂಬುತ್ತದೆ. "ತಳ ಗಟ್ಟಿ ಇದ್ದು, ಒಳಗಿನ ಸಾಮಾನು ಪೂರ್ತಿ ಇದ್ದರೆ ತಗೋ ತಮ್ಮಾ, ಇಲ್ಲದಿದ್ದರೆ ಇನ್ನೊಂದಕ್ಕೆ ಕಾಯಿ" ಎಂದು ಅವನಿಗೆ ಹೇಳಿದ್ದೇನೆ.

ಕಾಂಟೆಸ್ಸಾ ಬಗ್ಗೆಯೂ ಕೇಳುತ್ತಾರೆ. ನೋಡಲು ಗಂಭೀರ, ಇಸುಜು ಎಂಜಿನ್ನಿನದ್ದು ಓಡಲು ಚೆನ್ನಾಗಿದೆ. ತುಕ್ಕಿಗೆ ಬಲು ಬೇಗ ಸೋಲುತ್ತದೆ, ಬಾಡಿ ಭಾಗ ಸಿಗುವುದಿಲ್ಲ. ಬಯಲು ಸೀಮೆಯಲ್ಲಿದ್ದ ಗಾಡಿ ಸಿಕ್ಕರೆ ಮಾತ್ರ ಯೋಚಿಸಿ. ಡಾಡ್ಜ್, ಷೆವ್ರೊಲೆ, ಬೀಟಲ್ ಇವಕ್ಕೆ ಬೇರೆ ಮಟ್ಟದ ದುಡ್ಡು ಮತ್ತು ಬೇರೆ ಮಟ್ಟದ ಮೆಕ್ಯಾನಿಕ್ ಬೇಕು. ಮೊದಲ ಹಳೇ ಕಾರಾಗಿ ನಾನು ಯಾರಿಗೂ ಹೇಳುವುದಿಲ್ಲ.

ಪೆಟ್ರೋಲು, ಶೆಡ್ಡು, ಇಲಿ

ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೂ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪು ಮತ್ತು ವಾಷರ್ ಮೆತ್ತಗೆ ಮಾಡುತ್ತದೆ. ಯಾವ ಹಳೇ ಪೆಟ್ರೋಲ್ ಗಾಡಿ ತಂದರೂ ಮೊದಲ ವಾರವೇ ಪೆಟ್ರೋಲ್ ಪೈಪು ಬದಲಿಸಿ. ಇದು ಬೆಂಕಿಯ ವಿಷಯ, ಮುಂದೂಡಬೇಡಿ. ಮಳೆಗಾಲ ಪೂರ್ತಿ ನಿಲ್ಲಿಸಿಬಿಡುವುದಾದರೆ ಟ್ಯಾಂಕಿನ ಹಳೇ ಪೆಟ್ರೋಲ್ ತೆಗೆಸಿ. 2000ದಿಂದ ಸೀಸ ಇಲ್ಲದ ಪೆಟ್ರೋಲ್ ಮಾತ್ರ ಬರುವುದರಿಂದ, 60, 70ರ ದಶಕದ ಎಂಜಿನ್ ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟು ಹಾಕಿಸಿಬಿಡಿ.

ಶೆಡ್ಡು ಇಲ್ಲದವರು ಕಾರು ಕೊಳ್ಳುವ ಮೊದಲು ಶೆಡ್ಡು ಕಟ್ಟಿಸಿ. ಪ್ಲಾಸ್ಟಿಕ್ ತಾಡಪಾಲು ಹೊದಿಸಿ ಅಂಗಳದಲ್ಲಿ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಒಳಗೇ ಬೆವರಿ ಒಂದೇ ಮಳೆಗಾಲದಲ್ಲಿ ಸೀಟಿಗೆ ಬೂಸಲು ಬರುತ್ತದೆ. ಮಣ್ಣಿನ ನೆಲ ಬೇಡ, ಸಿಮೆಂಟ್ ನೆಲ ಇರಲಿ, ಮೇಲೆ ಮಾಡು ಎತ್ತರ ಇರಲಿ, ಗಾಳಿ ಆಡಲಿ. ಹತ್ತಿ ಬಟ್ಟೆಯ ಹೊದಿಕೆ ಸಾಕು. ಪೆಟ್ರೋಲ್ ತೆಗೆಸದ ಗಾಡಿಯಾದರೆ ಎರಡು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಬಿಡಿ. ಭತ್ತ, ತೆಂಗಿನಕಾಯಿ, ಅಡಿಕೆ ಅದೇ ಶೆಡ್ಡಿನಲ್ಲಿ ರಾಶಿ ಹಾಕಬೇಡಿ. ಇಲಿ ಬಂದರೆ ವೈರಿಂಗ್ ಮುಗಿಯಿತು. ನುಸಿಗುಳಿಗೆಯನ್ನು ಸೀಟಿನ ಅಡಿಗೂ ಬಾನೆಟ್ ಒಳಗೂ ಕಟ್ಟಿ ಇಡುತ್ತೇನೆ.

ಹಾಗಾದರೆ ಯಾರಿಗೆ ಯಾವುದು

ಮನೆಮಂದಿ ಎಲ್ಲ ಹತ್ತಬೇಕು, ಬಿಡಿಭಾಗದ ಚಿಂತೆ ಬೇಡ ಅನ್ನುವವರು ಅಂಬಾಸಿಡರ್ ನೋಡಿ. ದುಡ್ಡು ಇದ್ದರೆ ಮಾರ್ಕ್ ಟು, ಇಲ್ಲದಿದ್ದರೆ ಒಬ್ಬರೇ ಮಾಲೀಕರ ಕೈಯಲ್ಲಿದ್ದ ಮಾರ್ಕ್ ಫೋರ್. ಓಡಿಸುವ ಹುಚ್ಚು ಇದ್ದವರಿಗೆ, ಗಂಡ ಹೆಂಡತಿ ಇಬ್ಬರು ಮಕ್ಕಳ ಸಂಸಾರಕ್ಕೆ, ನನ್ನ ಮತ ಫಿಯಟ್‌ಗೆ. ತೋಟ ಇದೆ, ಶೆಡ್ಡು ಅಷ್ಟು ಚೆನ್ನಾಗಿಲ್ಲ, ಗಾಡಿ ಸ್ವಲ್ಪ ಒದ್ದೆಯಾಗುವುದು ತಪ್ಪುವುದಿಲ್ಲ ಎಂದರೆ ಜೀಪು. ವಯಸ್ಸು ಚಿಕ್ಕದು, ಬಜೆಟ್ಟೂ ಚಿಕ್ಕದು, ಕಾಯುವ ಶಕ್ತಿ ಇದೆ ಎಂದರೆ ಮೊದಲನೇ ಮಾರುತಿ. ಬೇರೆ ಯಾರ ಹತ್ತಿರವೂ ಇಲ್ಲದ್ದು ಬೇಕು, ಭಾನುವಾರಗಳನ್ನು ಅದರ ಅಡಿಯಲ್ಲಿ ಮಲಗಿ ಕಳೆಯಲು ತಯಾರು ಎಂದರೆ ಹೆರಾಲ್ಡ್.

ದುಡ್ಡಿನ ಬಗ್ಗೆ ನಾನು ಪಾಲಿಸುವುದು ಹೀಗೆ. ಕೈಯಲ್ಲಿರುವುದನ್ನು ಮೂರು ಪಾಲು ಮಾಡುತ್ತೇನೆ. ಎರಡು ಪಾಲು ಕಾರಿಗೆ, ಒಂದು ಪಾಲು ಮೊದಲ ಎರಡು ವರ್ಷದ ಕೆಲಸಕ್ಕೆ. ಅಪರೂಪದ ಮಾಡೆಲ್ ತಳ ಹಾಳಾಗಿ ಕಡಿಮೆಗೆ ಸಿಗುತ್ತಿದೆ, ಮಾಮೂಲಿ ಮಾಡೆಲ್ ಇದ್ದ ಹಾಗೇ ಇದ್ದು ಜಾಸ್ತಿ ಹೇಳುತ್ತಿದ್ದಾರೆ ಎಂದರೆ ನಾನು ಎರಡನೆಯದನ್ನೇ ತಗೊಳ್ಳುತ್ತೇನೆ. ಗಾಜು, ಕ್ರೋಮ್, ಬೀಡಿಂಗ್, ಸೀಟಿನ ಬಟ್ಟೆ ಒಂದೊಂದಾಗಿ ಹುಡುಕಿ ಕೂಡಿಸುವ ಖರ್ಚು ಎಂಜಿನ್ ಕೆಲಸದ ಖರ್ಚನ್ನು ಮೀರುತ್ತದೆ.

ನೋಡಲು ಏಪ್ರಿಲ್‌ನಲ್ಲಿ ಹೋಗಬೇಡಿ. ಜುಲೈನಲ್ಲಿ ಹೋಗಿ, ಮಳೆ ಹೊಯ್ಯುತ್ತಿರುವ ದಿನವೇ ಹೋಗಿ. ಟಾರ್ಚು, ಬಟ್ಟೆ ಸುತ್ತಿದ ಅಯಸ್ಕಾಂತ, ಕೆಳಗೆ ಹಾಸಿ ಮಲಗಲು ಒಂದು ಹಳೇ ಗೋಣಿ ಇರಲಿ. ಆ ಕಾರನ್ನು ಕೊಳ್ಳುವ ಆಸೆ ಇಲ್ಲದ ಒಬ್ಬ ಗೆಳೆಯ ಜೊತೆಗಿರಲಿ. ಬಾಗಿಲು ತೆಗೆದು ಮೊದಲು ವಾಸನೆ ನೋಡಿ. ಆಮೇಲೆ ಮ್ಯಾಟಿನ ಅಡಿಗೆ ಕೈ ಹಾಕಿ, ಕೈ ಒದ್ದೆಯಾಯಿತಾ ನೋಡಿ. ಒಣಗಿದ್ದರೆ ಅಲ್ಲಿಂದ ಚೌಕಾಸಿ ಶುರು ಮಾಡಬಹುದು.